ತಲಚೇರಿ ಕಡಲಿಗೆ ಹೋದ ಪಂಚೆ

ನನ್ನನ್ನು ಕಂಡು ಸಮುದ್ರ ಹಿಂದಕ್ಕೆ ಸರಿದಿತ್ತು. ಒಂದೆರಡು ಮಾರಲ್ಲ, ಎರಡು ಜೊತೆ ಎತ್ತು ಕಟ್ಟಿ ಉಳುವಷ್ಟು ಜಾಗ ಬಿಟ್ಟುಕೊಟ್ಟಿತ್ತು. ಸುಳ್ಳು ಅನ್ನೋರಿದ್ದರೆ ಮುಂದೆ ಬರಲಿ. ಯಾರೂ ಬರಲ್ಲ. ಅವತ್ತು ಅಲ್ಲಿದ್ದವರು ಮೂರೇ ಜನ. ಅದರಲ್ಲಿ ಚಾದಂಗಡಿಯವನು ತೀರಿಕೊಂಡು ಬಹಳ ಕಾಲವಾಯ್ತು. ಇನ್ನೊಬ್ಬ ನನ್ನ ಗೆಣೆಕಾರ. ಅವನಿಗೆ ಈ ಸಂಕ್ರಾಂತಿ ಕಳೆದ ಮೇಲೆ ಲಕ್ವ ಹೊಡೆದು ಮಾತು ನಿಂತುಹೋಯ್ತು. ಮೂರನೆಯವನು ನಾನು, ನಾನು ಹೇಳ್ತಾ ಇದ್ದೀನಿ.

ನಾನು ಎಲ್ಲಿಗೆ ಹೋದರೂ ಏನಾದರೊಂದು ನಡೆದೇ ನಡೆಯುತ್ತೆ. ಅದು ನನ್ನ ತಪ್ಪಲ್ಲ, ಹುಟ್ಟಿದ ಗಳಿಗೆ ಅಂಥದ್ದು. ಶಾಲೆ ಮೆಟ್ಟಿಲು ಹತ್ತಿದವನಲ್ಲ. ನಾನು ಹೇಳಿದ್ದನ್ನು ಮೊಮ್ಮಗಳು ಬರೆದುಕೊಳ್ತಾ ಇದ್ದಾಳೆ. ಕಾಗುಣಿತ ಅವಳದು, ನಿಜ ನನ್ನದು.

ನಮ್ಮದು ಹನಗೋಡಿನ ಪಕ್ಕ. ಹೊಗೆಸೊಪ್ಪು ಬೆಳೆಯೋ ಜನ. ಪಿರಿಯಾಪಟ್ಟಣದ ಹರಾಜಿನಲ್ಲಿ ಸೊಪ್ಪು ಕಟ್ಟಿದ ಕೊನೆಯ ಬೇಲು ಹೋದ ಮೇಲೆ, ಮೊದಲ ಮಳೆ ಬಿದ್ದು ನೇಗಿಲು ಕಟ್ಟುವ ತನಕ, ನಮಗೆ ಕೈಗೆ ಕೆಲಸವಿಲ್ಲದ ಕಾಲ ಒಂದು ಬರುತ್ತೆ. ಹೊಂಗೆ ಚಿಗುರಿ, ಮಾವು ಮಿಡಿಗಚ್ಚಿ, ಕೋಗಿಲೆ ಪ್ರಾಣ ತಿನ್ನುವ ಕಾಲ. ನಾನೂ ಗೆಣೆಕಾರನೂ ಮೀಸೆ ಕಪ್ಪಗಿದ್ದಾಗಿನಿಂದ ಆ ದಿನಗಳಲ್ಲಿ ಬಸ್ಸು ಹತ್ತಿ, ವಿರಾಜಪೇಟೆ ದಾಟಿ, ಘಾಟಿ ಇಳಿದು ತಲಚೇರಿಗೆ ಹೋಗ್ತಿದ್ದೆವು. ಚಿಕ್ಕ ಊರು. ಒಂದು ಕಡೆ ಹಳೇ ಕೋಟೆ, ಒಂದು ಕಡೆ ಕಡಲು, ನಡುವೆ ಹೆಂಚಿನ ಅಂಗಡಿಗಳು. ಬೀದಿಬೀದಿಯಲ್ಲಿ ಕಕ್ಕೆ ಮರ ಹಳದಿ ಹೂ ಸುರಿಸಿಕೊಂಡು ನಿಂತಿರುತ್ತೆ. ನಮ್ಮೂರ ಜನ ಕಾಶಿಗೆ ಹೋದರು, ಧರ್ಮಸ್ಥಳಕ್ಕೆ ಹೋದರು. ಸುಮ್ಮನೆ ಗಾಳಿ ಕುಡಿಯೋಕೆ ಅಂತ ಘಾಟಿ ಇಳಿದವರು ನಾವಿಬ್ಬರೇ.

ಈ ಗೆಣೆಕಾರ ಒಂದು ವಿಚಿತ್ರ ಪ್ರಾಣಿ. ಸುಳ್ಳು ಸೇರದು. ನಾನು ಹುಲಿ ಅಂದರೆ ಅವನು ಕಾಡುಬೆಕ್ಕು ಅನ್ನೋನು. ನಾನು ಪ್ರವಾಹ ಅಂದರೆ ಅವನು ಮೊಣಕಾಲುದ್ದ ನೀರು ಅನ್ನೋನು. ಜನ ನನ್ನ ಮಾತು ಕೇಳಿ, ಆಮೇಲೆ ಅವನ ಮುಖ ನೋಡಿ, ಎಷ್ಟು ನಂಬಬೇಕೋ ಅಷ್ಟು ನಂಬೋರು. ಅಂಥವನು ಮಾತು ಹೋಗಿ ಜಗಲಿ ಮೇಲೆ ಮಂಚದಲ್ಲಿ ಕಂಬ ನೋಡ್ತಾ ಮಲಗಿಬಿಟ್ಟ.

ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದು ಇಷ್ಟೇ: "ಮಾತು ಬರಬಹುದು, ಬರದೇ ಇರಬಹುದು. ಜೊತೆಗಿರೋರು ಮಾತಾಡ್ತಾ ಇರಿ."

ಅವನ ಹೆಂಡತಿ ನನ್ನ ಹತ್ತಿರ ಬಂದಳು. ನನ್ನನ್ನು ಅಣ್ಣಯ್ಯ ಅನ್ನೋಳು. "ಅಣ್ಣಯ್ಯ, ನಾನು ಏನಂತ ಮಾತಾಡ್ಲಿ? ನಲವತ್ತೊರ್ಷದಿಂದ ಅವ್ರು ಬಯ್ಯೋದು, ನಾನು ಕೇಳೋದು. ಈಗ ಒಂದೇ ಒಂದು ಸಲ ಬಾಯ್ತುಂಬ ಬಯ್ದ್ರೂ ಸಾಕು, ಈ ಮನೆಗೆ ಉಸಿರು ಬತ್ತದೆ" ಅಂದಳು.

"ನೀನು ಚಾ ಕಾಯ್ಸು ಬುಡವ್ವ. ಮಾತು ನನ್ನ ಕಸುಬು" ಅಂದೆ.

ಅವತ್ತಿನಿಂದ ದಿನಾ ಬೆಳಿಗ್ಗೆ ಆ ಜಗಲಿಯಲ್ಲಿ ಕೂತು ತಲಚೇರಿ ಸುದ್ದಿ ಹೇಳ್ತಾ ಬಂದೆ.

ಮೀನು ವಾಪಸ್ಸು

ಮೊದಲ ವರ್ಷದ ವಿಚಾರ. ಬೆಳಗಾಗ್ತಿದ್ದಂಗೆ ದೋಣಿಗಳು ದಡಕ್ಕೆ ಬಂದವು. ಬುಟ್ಟಿಬುಟ್ಟಿ ಮೀನು ಮರಳಿನ ಮೇಲೆ ಸುರಿದರು. ಒಬ್ಬ ಲುಂಗಿ ಎತ್ತಿ ಕಟ್ಟಿಕೊಂಡು ಹರಾಜು ಕೂಗೋಕೆ ನಿಂತ. ಭಾಷೆ ತಿಳಿಯದಿದ್ದರೇನು, ಹರಾಜು ನನಗೆ ಹೊಸದೇ? ಮೀನಿನವನ ಮುಖ ನೋಡಿದರೆ ಗೊತ್ತಾಯ್ತು, ಬೆಲೆ ಅವನಿಗೆ ಒಪ್ಪಿಗೆ ಇಲ್ಲ.

ನಮ್ಮ ಹೊಗೆಸೊಪ್ಪಿನ ಹರಾಜಿನಲ್ಲಿ ರೈತನಿಗೆ ಒಂದು ಹಕ್ಕುಂಟು. ಕೂಗಿದ ಬೆಲೆ ಹಿಡಿಸದಿದ್ದರೆ 'ಕೊಡಲ್ಲ' ಅಂತ ಬೇಲನ್ನು ಮನೆಗೆ ಹೊತ್ಕೊಂಡು ಹೋಗಿ, ಬೆಲೆ ಏರಿದಾಗ ತರಬಹುದು. ಪಾಪ, ಈ ಮೀನಿನವನಿಗೆ ಅದು ಗೊತ್ತಿಲ್ಲ. ಜನರ ನಡುವೆ ನುಗ್ಗಿ ಬುಟ್ಟಿ ಮುಂದೆ ಕೈ ಅಡ್ಡ ಹಾಕಿ ನಿಂತೆ.

"ಕೊಡಬ್ಯಾಡ ಕಣೋ! ಈ ರೇಟಿಗೆ ಕೊಡಬ್ಯಾಡ! ತಗೊಂಡೋಗಿ ಮನೇಲಿಡು, ಮುಂದಿನ ವಾರ ತಾ!"

ಆಗ ಗುಂಪಿನಿಂದ ಒಬ್ಬ ಬಂದ. ಅವನೇ ಆ ಚಾದಂಗಡಿಯವನು. ಹುಡುಗುತನದಲ್ಲಿ ಹುಣಸೂರಿನ ಬೇಕರಿಯಲ್ಲಿ ಬನ್ನು ಬೇಯಿಸಿದ್ದವನು, ಹಂಗಾಗಿ ಕನ್ನಡ ಬರ್ತಿತ್ತು. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದ.

"ಚೇಟ್ಟಾ, ಇದು ಸೊಪ್ಪಲ್ಲ, ಮೀನು. ಮುಂದಿನ ವಾರಕ್ಕೆ ಇಟ್ಟರೆ ನಾವು ಹರಾಜು ಕೂಗೋದೇ ಬ್ಯಾಡ. ಅದೇ ನಡ್ಕೊಂಡು ಹುಣಸೂರಿಗೆ ಬಂದು ನಿಮ್ಮನ್ನ ಕೂಗ್ತದೆ."

ಇದರಲ್ಲಿ ನಾನು ಒಂದಕ್ಷರ ಸೇರಿಸಿಲ್ಲ. ಗೆಣೆಕಾರನಿಗೂ ಹಂಗೇ ಹೇಳಿದೆ. ಅವನು ಕೇಳ್ತಾ ಕೇಳ್ತಾ ನಿದ್ದೆ ಹೋದ. ನಿಜದ ಕೈಯಲ್ಲಿ ಇಷ್ಟೇ ಆಗೋದು.

ಕಾಯುವ ಜನ

ಆ ಊರಿನಲ್ಲಿ ಕಡಲಿಗೆ ಎದುರಾಗಿ ಒಂದು ಮೋಟು ಗೋಡೆ. ಸಾಯಂಕಾಲ ಬಿಸಿಲು ಇಳಿದ ಕೂಡಲೇ ಊರಿನ ಜನವೆಲ್ಲ ಬಂದು ಅದರ ಮೇಲೆ ಸಾಲಾಗಿ ಕೂತುಕೊಳ್ಳೋರು. ಮುದುಕರು, ಮಕ್ಕಳು, ಬಸುರಿ ಹೆಂಗಸರು, ಅಂಗಡಿ ಬಾಗಿಲು ಎಳೆದು ಬಂದ ಸೆಟ್ಟರು. ಮಾತಿಲ್ಲ, ಕೆಲಸವಿಲ್ಲ. ಕಡಲೆಕಾಯಿ ಸುಲಿಯುತ್ತಾ ಎಲ್ಲರೂ ನೀರಿನ ಕಡೆಗೇ ನೋಡ್ತಾ ಇರೋರು.

ನಮ್ಮ ಕಡೆ ಅಷ್ಟು ಜನ ಒಟ್ಟಿಗೆ ಸುಮ್ಮನೆ ಕೂತರೆ ಒಂದೋ ಬಸ್ಸು ಬರಬೇಕು, ಇಲ್ಲ ಹೆಣ ಎತ್ತಬೇಕು. ಗೆಣೆಕಾರ ಮೆಲ್ಲಗೆ ಕೇಳಿದ, "ಯಾರಿಗ್ಲಾ ಕಾಯ್ತಾವ್ರೆ ಇವ್ರು?"

"ಯಾರೋ ದೊಡ್ಡೋರು ಬರ್ಬೇಕು ಅನ್ಸತ್ತೆ. ಹಡಗಲ್ಲಿ."

"ಅಂಗಾರೆ ನಾವೂ ಕೂತ್ಕೊಳವ. ಬಂದದ್ದೂ ಬಂದಿದ್ದೀವಿ, ನೋಡ್ಕಂಡೇ ಹೋಗವ."

ಕೂತೆವು. ಗಾಳಿ ಬೀಸಿತು. ಸೊಪ್ಪು ಹದ ಮಾಡೋ ಬ್ಯಾರನ್ ಗೂಡಿನ ಮುಂದೆ ಬೆಂದು ಬೆಂದು ನಮ್ಮ ಮೈಯೊಳಗೆ ಸೇರಿಕೊಂಡಿದ್ದ ಬೆಂಕಿಯೆಲ್ಲ ಆ ಗಾಳಿಗೆ ಇಳಿದು ಹೋಯ್ತು. ಸೂರ್ಯ ಮಾಗಿದ ಹಣ್ಣಿನ ಹಾಗೆ ನೀರಿಗೆ ಬಿದ್ದ. ಮಬ್ಬಾದ ಮೇಲೆ ಜನ ಒಬ್ಬೊಬ್ಬರೇ ಎದ್ದು, ಮರಳು ಕೊಡವಿಕೊಂಡು ಮನೆಗೆ ಹೋದರು. ಒಬ್ಬರ ಮುಖದಲ್ಲೂ ಬೇಸರವಿಲ್ಲ.

ಗೆಣೆಕಾರನಿಗೆ ತಡೆಯಲಿಲ್ಲ. ಪಕ್ಕದ ಮುದುಕನನ್ನು ಹಿಡಿದು ನಿಲ್ಲಿಸಿ, "ಯಾಕ್ ಸ್ವಾಮಿ, ಬರ್ಲೇ ಇಲ್ವಲ್ಲ?" ಅಂದ.

ಮುದುಕನಿಗೆ ಕನ್ನಡ ಎಲ್ಲಿ ಬರಬೇಕು. ಅವನ ಭುಜ ತಟ್ಟಿ, ನಾಳೆ ಬನ್ನಿ ಅನ್ನೋ ಹಾಗೆ ಕೈ ತೋರಿಸಿ ಹೊರಟುಹೋದ.

"ನಾಳೆ ಬತ್ತರಂತೆ ಕಣ್ಲಾ" ಅಂದ ಗೆಣೆಕಾರ. ಆ ನಾಳೆಗಾಗಿ ನಾವು ವರ್ಷವರ್ಷವೂ ಹೋಗ್ತಾ ಬಂದೆವು.

ಇದನ್ನು ಕೇಳಿ ಅವನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. "ನಿತ್ಯ ನಾನೂ ಅಂಗೇ ಕೂತಿರ್ತೀನಿ ಅಣ್ಣಯ್ಯ, ಈ ಮಂಚದ ಪಕ್ಕ" ಅಂದಳು. ನಾನು ಚಾ ಲೋಟದೊಳಗೆ ನೋಡಿಕೊಂಡೆ. ನಾನು ಹೇಳೋಕೆ ಹೋಗಿದ್ದು ನಗೋ ಮಾತು, ಅವಳು ಅದನ್ನು ಎಲ್ಲಿಗೋ ತಗೊಂಡು ಹೋದಳು. ಹೆಂಗಸರ ಹತ್ತಿರ ಕತೆ ಹೇಳೋದೇ ಕಷ್ಟ.

ಕಡಲಿನ ನೀರ್ಗಂಟಿ

ಮಾರನೆಯ ದಿವಸ ಸ್ವಲ್ಪ ಖಾರ ಹಾಕೋಣ ಅಂತ, ಸಮುದ್ರ ನನ್ನನ್ನು ಕಂಡು ಸರಿದದ್ದನ್ನು ತೆಗೆದೆ.

ನಾನು ದಡದಲ್ಲಿ ನಿಂತು ಒಂದು ಸಲ ಗಟ್ಟಿಯಾಗಿ ಕೆಮ್ಮಿದೆ. ನೀರು ಹಿಂದಕ್ಕೆ ಹೋಗೋಕೆ ಶುರುವಾಯ್ತು. ಮಧ್ಯಾಹ್ನದ ಹೊತ್ತಿಗೆ ದೋಣಿಗಳೆಲ್ಲ ಕೆಸರಿನ ಮೇಲೆ ಒರಗಿಕೊಂಡು ಕೂತವು. ನಾನು ಗಾಬರಿ ಬೀಳಲಿಲ್ಲ. ಗೆಣೆಕಾರ ಮಾತ್ರ ತಲೆ ಮೇಲೆ ಕೈ ಹೊತ್ತ. ನಮ್ಮ ಕಡೆ ಕಾಲುವೆಯಲ್ಲಿ ನೀರು ದಿಢೀರ್ ಇಳಿದರೆ ಅರ್ಥ ಒಂದೇ, ಮೇಲ್ಗಡೆ ಯಾವನೋ ತೂಬು ಮುಚ್ಚಿದ್ದಾನೆ. ತೂಬಿನ ಉಸ್ತುವಾರಿ ನೀರ್ಗಂಟಿಯದು. ಗೆಣೆಕಾರ ಸೀದಾ ಚಾದಂಗಡಿಗೆ ಹೋಗಿ ಜೋರು ಮಾಡಿದ.

"ನಿಮ್ಮೂರಾಗೆ ನೀರ್ಗಂಟಿ ಯಾವನ್ರೀ? ಇಷ್ಟು ಜನದ ಬಾಳು ಕೆಸರಿಗೆ ಹಾಕವ್ನಲ್ಲ, ಕರೀರಿ ಅವ್ನ!"

ಚಾದಂಗಡಿಯವನು ನಗಲಿಲ್ಲ. ಆಗ ತಾನೇ ಬಾನಿನಲ್ಲಿ ಹಗಲು ಚಂದ್ರ ಬೆಳ್ಳಗೆ ಎದ್ದಿದ್ದ. ಅವನತ್ತ ಬೆರಳು ಮಾಡಿ, "ಅವನೇ. ನೀರು ಬಿಡೋನೂ ಅವನೇ, ಕಟ್ಟೋನೂ ಅವನೇ" ಅಂದ.

ಗೆಣೆಕಾರ ಬಹಳ ಹೊತ್ತು ಚಂದ್ರನನ್ನು ನೋಡಿ ಯೋಚನೆ ಮಾಡಿ, "ಅಮಾಸೆ ದಿನ ಅವ್ನೇ ಇರಲ್ವಲ್ಲ, ಅವತ್ತು ನೀರು?" ಅಂದ.

"ಅವತ್ತು ಜಾಸ್ತಿ ಬಿಡ್ತಾನೆ."

"ಅಂಗಾರೆ ನಮ್ಮೂರೋನೇ ಕಣ್ಲಾ ಇವ್ನು!" ಅಂತ ಗೆಣೆಕಾರ ನನ್ನ ಬೆನ್ನಿಗೆ ಗುದ್ದಿದ. "ಕತ್ತಲಾದ್ರೆ ಕದ್ದು ನೀರು ಬಿಡೋ ಬುದ್ಧಿ, ಥೇಟ್ ನಮ್ಮ ಕಡೆ ಕೆ.ಆರ್. ನಗರದ ಕಾಲುವೆ ನೀರ್ಗಂಟೀದು!"

ಇದನ್ನು ಹೇಳಿ ಮುಗಿಸಿದಾಗ ಮಂಚದ ಮೇಲೆ ಗೆಣೆಕಾರನ ಎಡ ಹುಬ್ಬು ಮೇಲಕ್ಕೆ ಹೋಯ್ತು. ನನ್ನ ಕೆಮ್ಮಿಗೆ ಹೋಯ್ತೋ, ಅವನು ಕೇಳಿದ ಪ್ರಶ್ನೆಗೆ ಹೋಯ್ತೋ ತಿಳಿಯಲಿಲ್ಲ. ಆದರೆ ಹುಬ್ಬು ನನಗೆ ಗೊತ್ತಿದ್ದ ಹುಬ್ಬೇ. ನಾನು ಹುಲಿ ಅಂದಾಗ ಏಳ್ತಿದ್ದ ಹುಬ್ಬು. ಹೆಂಡತಿಯೂ ನೋಡಿದಳು. "ಇನ್ನೊಂದು ಹೇಳಣ್ಣಯ್ಯ, ಇನ್ನೊಂದು" ಅಂತ ಸೆರಗು ಬಿಗಿಯಾಗಿ ಹಿಡಿದುಕೊಂಡಳು.

"ಒಂದೇ ದಿವಸಕ್ಕೆ ಎಲ್ಲಾನೂ ಬಿಚ್ಚಬಾರದು ಕಣವ್ವ" ಅಂತ ಎದ್ದು ಬಂದೆ. ದೊಡ್ಡ ಕತೆಯನ್ನು ಒಂದು ರಾತ್ರಿ ನೆನೆ ಹಾಕಬೇಕಾಗಿತ್ತು.

ಪಂಚೆ

ಬೆಳಿಗ್ಗೆ ಹೋದಾಗ ಅವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು. ಹೊಂಗೆ ಹೂ ಜಗಲಿ ತುಂಬ ಉದುರಿತ್ತು. ನಾನು ಅವನ ಹೆಂಡತಿಯ ಕಡೆ ತಿರುಗಿ ಕೂತೆ, ಅವನ ಕಡೆ ನೋಡಲೇ ಇಲ್ಲ.

"ಕಡಲಿಗೆ ಬೆನ್ನು ಕೊಟ್ಟು ನಿಲ್ಲಬಾರದು ಅಂತ ಆ ಊರಿನ ಮಗುವಿಗೂ ಗೊತ್ತು. ನಿನ್ನ ಗಂಡನಿಗೆ ಗೊತ್ತಿರಲಿಲ್ಲ ಕಣವ್ವ. ಸೊಂಟದುದ್ದ ನೀರಲ್ಲಿ ಬೆನ್ನು ಕೊಟ್ಟು ನಿಂತು, 'ಇದೇನ್ ಮಾಡ್ತದೆ, ನಮ್ಮ ಲಕ್ಷ್ಮಣತೀರ್ಥ ಹೊಳೆ ಕಂಡಿಲ್ವಾ' ಅಂತ ಮೀಸೆ ತಿರುವ್ತಾ ಇದ್ದ. ತೆಂಗಿನ ಮರದಷ್ಟು ಎತ್ತರದ ಅಲೆ ಬಂತು. ನಿನ್ನ ಗಂಡ ಕಾಣಲ್ಲ!"

ಮಂಚ ಕಿರ್ ಅಂತು. ನಾನು ತಿರುಗಲಿಲ್ಲ.

"ನಾನು ಹಾರಿದೆ. ಎರಡು ಕೈಯಲ್ಲೂ ಕಡಲನ್ನ ಸೀಳ್ಕಂಡು ಹೋಗಿ, ಇವನ ಜುಟ್ಟು ಹಿಡಿದು, ಸೊಪ್ಪಿನ ಬೇಲ್ ಎಳೆಯೋ ಹಂಗೆ ದಡಕ್ಕೆ ಎಳೆದು ಹಾಕ್ದೆ. ಪ್ರಾಣ ಉಳೀತು. ಪಂಚೆ ಹೋಯ್ತು. ಅಲೆ ಬಿಚ್ಕಂಡು ಹೋಗಿತ್ತು. ಚಾದಂಗಡಿಯವನು ಒಂದು ಸಕ್ಕರೆ ಗೋಣಿಚೀಲ ಕೊಟ್ಟ. ಅದನ್ನ ಸುತ್ಕಂಡು ನಿನ್ನ ಗಂಡ ಹಗಲಲ್ಲೇ ಇಡೀ ಬಜಾರ್ ನಡೆದ. ಮೇಲಿಂದ ಕಕ್ಕೆ ಹೂ ಬೇರೆ ತಲೆ ಮೇಲೆ ಬೀಳ್ತಿತ್ತು, ಮದುವೆ ಗಂಡಿನ ಹಂಗೆ. ಗೋಣಿಚೀಲದ ಹಿಂದ್ಗಡೆ ದಪ್ಪಕ್ಷರದಲ್ಲಿ ಏನೋ ಬರೆದಿತ್ತು. ನಮಗೆಲ್ಲಿ ಓದೋಕೆ ಬತ್ತದೆ? ಓದಿದೋರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಚಾದಂಗಡಿಯವನು ಹೇಳ್ದ, ಮೂಟೆ ಎತ್ತೋ ಹಮಾಲಿಗಳಿಗೆ 'ಇಲ್ಲಿ ಕೊಕ್ಕೆ ಹಾಕಬೇಡಿ' ಅಂತ ಬರೆದಿತ್ತಂತೆ!"

ಆಕೆ ಬಾಯಿಗೆ ಸೆರಗು ಹಿಡಿದಳು. ಅದೇ ಹೊತ್ತಿಗೆ ಹಿಂದಿನಿಂದ ಒಂದು ಸದ್ದು ಬಂತು. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ.

"ಪಂ... ಪಂಚೆ..."

ಆಕೆಯ ಕೈಯಿಂದ ಲೋಟ ಬಿತ್ತು. ಗೆಣೆಕಾರನ ಮುಖ ಕೆಂಪಾಗಿತ್ತು. ಕತ್ತಿನ ನರ ಉಬ್ಬಿತ್ತು. ಬಾಯಿ ಒಂದು ಕಡೆ ಎಳೀತಿತ್ತು, ಮಾತು ಇನ್ನೊಂದು ಕಡೆಯಿಂದ ಬರ್ತಿತ್ತು. ಸರಿಯಾಗಿದ್ದ ಎಡಗೈ ಎತ್ತಿ ಬೆರಳನ್ನು ನನ್ನ ಎದೆಗೆ ನೆಟ್ಟ.

"ನಿಂ... ದು! ಗೋಣಿ... ನಿಂದು! ಎಳ್ದೋನು... ನಾ... ನಾನು!" ಉಸಿರು ತಗೊಂಡ. ಇನ್ನೂ ಇತ್ತು ಒಳಗೆ, ಬಿಡಬೇಕಲ್ಲ. "ನೀರ್... ಗಂಟಿ... ಕೇಳ್ದೋನೂ... ನೀನೇ! ಸುಳ್... ನನ್ಮಗ್ನೆ!"

ಆಕೆ ಮಂಚದ ಕಾಲು ಹಿಡಿದು ಕೆಳಗೆ ಕುಸಿದಳು. "ಬಯ್ದ್ರು ಅಣ್ಣಯ್ಯ! ಬಾಯ್ತುಂಬ ಬಯ್ದ್ರು!" ಅಂತ ಅಳ್ತಾಳೆ, ನಗ್ತಾಳೆ. ಅವನು ಬೆರಳು ಇಳಿಸಿರಲಿಲ್ಲ. ಕಣ್ಣಲ್ಲಿ ನೀರು ಸುರೀತಿತ್ತು, ಹುಬ್ಬು ಮಾತ್ರ ಹುಲಿ-ಕಾಡುಬೆಕ್ಕಿನ ಹುಬ್ಬೇ.

ಸ್ವಲ್ಪ ಹೊತ್ತು ಕಳೆದು ಆಕೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಅಂಗಾರೆ ಗೋಣಿಚೀಲ ಸುತ್ಕಂಡು ಬಜಾರ್ ತುಂಬ ನಡೆದೋನು ನೀನಾ ಅಣ್ಣಯ್ಯ?"

ನಾನು ಭುಜ ಎತ್ತಿ ಇಳಿಸಿದೆ. ಕೆಳಗೆ ಬಿದ್ದಿದ್ದ ಲೋಟ ಎತ್ತಿ, ಅಂಟಿದ್ದ ಹೊಂಗೆ ಹೂವು ಊದಿ, ಅವಳ ಕೈಗೆ ಕೊಟ್ಟೆ.

"ಪಂಚೆ ಯಾರದಾದ್ರೇನು ಬುಡವ್ವ. ಕೊಕ್ಕೆ ಅಂತೂ ಯಾರೂ ಹಾಕ್ಲಿಲ್ಲ."