ನಮ್ಮ ಬೀದಿಯ ನೀರಿನ ಸೈರನ್

ಕೈಕೊಡುವ ಯಂತ್ರವನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಹಠ ಬರುತ್ತದೆ. ಸಿಟ್ಟಾದರೆ ಒಂದು ಲೋಟ ಮಜ್ಜಿಗೆಗೆ ಇಳಿದೀತು. ಹಠ ಹಾಗಲ್ಲ. ಅದಕ್ಕೆ ಸ್ಕ್ರೂಡ್ರೈವರ್ ಬೇಕು, ಹಳೆಯ ವೈರು ಬೇಕು, ಊಟಕ್ಕೆ ಕರೆದಾಗ ‘ಬಂದೆ’ ಎಂದು ಹೇಳಿಯೂ ಏಳದೆ ಕೂರುವ ಧೈರ್ಯ ಬೇಕು. ನಾನು ಚಿತ್ರದುರ್ಗದ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಹುಡುಗರು ಪಾಸಾಗಿ ಹೊರಟುಹೋಗುತ್ತಾರೆ, ಪಾಠ ನನ್ನ ಹತ್ತಿರವೇ ಉಳಿದುಬಿಡುತ್ತದೆ. ಅದನ್ನು ಎಲ್ಲಾದರೂ ಖರ್ಚು ಮಾಡಲೇಬೇಕಲ್ಲ, ಮನೆಯ ಮೇಲೆ ಮಾಡುತ್ತೇನೆ.

ನಮ್ಮ ಬೀದಿಗೆ ಮಾರಿಕಣಿವೆ ಜಲಾಶಯದ ನೀರು ವಾರಕ್ಕೊಮ್ಮೆಯೋ, ಒಂದೆರಡು ದಿನ ತಡವಾಗಿಯೋ ಬರುತ್ತದೆ. ಇಂಥ ಹೊತ್ತಿಗೇ ಎನ್ನುವಂತಿಲ್ಲ. ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ಅಷ್ಟು ದೂರದಿಂದ ಬರುವ ನೀರು ದಾರಿಯಲ್ಲಿ ಎಷ್ಟು ಪಂಪು, ಎಷ್ಟು ವಾಲ್ವು ದಾಟಬೇಕೋ. ಬೀದಿಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಮನೆ ಮುಂದಿನ ನಲ್ಲಿಯನ್ನು ತೆರೆದಿಟ್ಟು ಕೆಳಗೆ ಖಾಲಿ ತಗಡಿನ ಬಕೆಟ್ ಇಡುವುದು. ನೀರು ಬಿದ್ದರೆ ಬಕೆಟ್ ಬಡಿದುಕೊಳ್ಳುತ್ತದೆ, ಮೊದಲು ಕೇಳಿಸಿಕೊಂಡವರು ‘ನೀರು ಬಂತ್ರೀ’ ಎಂದು ಕೂಗುತ್ತಾರೆ. ಎದುರು ಮನೆಯ ತಿಪ್ಪಕ್ಕ ಕೂಗಿದರೆ ಕೋಟೆಯವರೆಗೂ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಸುಜಾತ ಹೇಳುವುದುಂಟು. ಎಲೆಕ್ಟ್ರಾನಿಕ್ಸ್ ಮೇಷ್ಟರಿರುವ ಬೀದಿಯಲ್ಲಿ ಬಕೆಟ್ ಬಡಿದುಕೊಳ್ಳುವುದೇ? ನನಗೆ ಹಠ ಬಂತು.

ನಮ್ಮ ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿಗೆ, ನೀರು ಬೀಳುವ ಪೈಪಿನಲ್ಲಿ ಹರಿವನ್ನು ಗುರುತಿಸುವ ಒಂದು ಸೆನ್ಸರ್ ಕೂರಿಸಿದೆ. ಅದಕ್ಕೊಂದು ಪುಟ್ಟ ಬೋರ್ಡು, ಬೋರ್ಡಿಗೆ ನಾನೇ ಬರೆದ ಪ್ರೋಗ್ರಾಂ, ಕಾಂಪೌಂಡಿನ ಮೇಲೆ ಸೈರನ್. ಮೊದಲ ಸಲ ಸೈರನ್ ಕೂಗಿದಾಗ ಇಡೀ ಬೀದಿ ಕೊಡ ಹಿಡಿದು ಓಡಿಬಂತು. ನಲ್ಲಿಗಳು ಬುಸ್ಸೆಂದು ಉಸಿರು ಬಿಡುತ್ತಿದ್ದವು. ನೀರಿಗಿಂತ ಮುಂಚೆ ಪೈಪಿನೊಳಗಿನ ಗಾಳಿ ಬರುತ್ತದೆಂಬುದು ನನ್ನ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ.

“ಮೇಷ್ಟ್ರೇ, ಇದು ಬರೀ ಗಾಳಿ ಐತೆ ಕಣ್ರೀ. ಕೊಡದಾಗೆ ಗಾಳಿನೇ ತುಂಬ್ಕೊಂಡು ಹೋಗಾಣ?” ಎಂದರು ತಿಪ್ಪಕ್ಕ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಹಲ್ಲು ಕಡಿದುಕೊಂಡು. ಅವತ್ತೇ ಪ್ರೋಗ್ರಾಂ ತಿದ್ದಿದೆ: ಹರಿವು ಜೋರಾಗಿ, ಒಂದೇ ಸಮನೆ ಇದ್ದರೆ ಮಾತ್ರ ನೀರು; ಇಲ್ಲದಿದ್ದರೆ ಗಾಳಿ, ಸುಮ್ಮನಿರು. ಆಮೇಲೆ ಕರೆಂಟು ಹೋಯಿತು, ಬ್ಯಾಟರಿ ಹಾಕಿದೆ. ಡಬ್ಬಿಯೊಳಗೆ ಹಲ್ಲಿ ಹೊಕ್ಕಿತು, ಡಬ್ಬಿ ಬಿಗಿಯಾಗಿ ಮುಚ್ಚಿದೆ. ಮುಚ್ಚಿದ್ದಕ್ಕೆ ಬೋರ್ಡು ಕಾದು ಕೆಂಡವಾಯಿತು, ತೂತು ಕೊರೆದೆ. ತೂತಿನಿಂದ ಇರುವೆ ಹೊಕ್ಕಿತು. ಬಿ.ದುರ್ಗದ ನಮ್ಮ ಮಾವ ತೋಟದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ, ಮನೆಯಿಂದಲೇ ಫೋನ್ ಮಾಡಿ ಮೋಟಾರು ಹಾಕುತ್ತಾರೆ. ಆಮೇಲೆ ಹತ್ತಿತೋ ಇಲ್ಲವೋ ಎಂದು ನೋಡಲು ಬೈಕಿನಲ್ಲಿ ತೋಟಕ್ಕೆ ಹೋಗುತ್ತಾರೆ. ಅವರನ್ನು ನಾನು ಬಹಳ ಗೇಲಿ ಮಾಡಿದ್ದೇನೆ.

ಅಂತೂ ಸೈರನ್ ದಾರಿಗೆ ಬಂತು. ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ ಸರಿಯಾದ ಹೊತ್ತಿಗೆ ಕೂಗಿತು. ಬೀದಿಯವರು ನಲ್ಲಿ ಮುಚ್ಚಿಟ್ಟು ಬಕೆಟ್ಟುಗಳನ್ನು ಒಳಗೆ ಒಯ್ದರು. ತಿಪ್ಪಕ್ಕ ತಮ್ಮ ಬಕೆಟ್ಟಿಗೆ ಮಣ್ಣು ತುಂಬಿ ಕನಕಾಂಬರ ಹಾಕಿದರು. ಆ ಗಿಡ ನೋಡಿದಾಗಲೆಲ್ಲ ನನಗೆ ಸನ್ಮಾನವಾದಷ್ಟು ಹಿಗ್ಗು.

ಹೀಗಿರುವಾಗ ತಿಪ್ಪಕ್ಕನ ಮೊಮ್ಮಗಳ ನಾಮಕರಣ ನಿಶ್ಚಯವಾಯಿತು. ಹೊಳಲ್ಕೆರೆಯಿಂದ ಬೀಗರು ವ್ಯಾನು ಮಾಡಿಕೊಂಡು ಬರುವವರಿದ್ದರು. ನಾಮಕರಣದ ಹಿಂದಿನ ದಿನ ನೀರು ಬರಬೇಕಿತ್ತು. ತಿಪ್ಪಕ್ಕ ಮನೆಯ ಹಂಡೆ, ಕೊಳಗ, ನೆರೆಯವರ ಡ್ರಮ್ಮು ಎಲ್ಲ ತೊಳೆದು ಸಾಲಾಗಿ ಇಟ್ಟುಕೊಂಡು ಜಗಲಿಯ ಮೇಲೆ ಕೂತರು. ಸೈರನ್ ಕೂಗಲಿಲ್ಲ. ಸಂಜೆ ಹಿಂದಿನ ಬೀದಿಯ ಹೆಂಗಸೊಬ್ಬರು ಹೋಗುತ್ತಾ, “ಏನ್ ತಿಪ್ಪಕ್ಕ, ಇನ್ನೂ ನೀರು ಹಿಡ್ದಿಲ್ಲೇನು? ಸಣ್ಣಗೆ ಬಂದು ಆಗ್ಲೇ ನಿಂತೋತಲ್ಲ!” ಎಂದರು.

ನಾನು ಎದ್ದುಬಿದ್ದು ಡಬ್ಬಿ ಬಿಚ್ಚಿದೆ. ಸೆನ್ಸರ್ ಸರಿಯಿತ್ತು, ಬ್ಯಾಟರಿ ತುಂಬಿತ್ತು, ಸೈರನ್ ಗಟ್ಟಿಯಾಗಿತ್ತು, ಇರುವೆ ಒಂದೂ ಇರಲಿಲ್ಲ. ಅವತ್ತು ನೀರು ಜೋರಿಲ್ಲದೆ ಎಳೆಯಾಗಿ ಬಂದಿತ್ತು. ನನ್ನ ಪ್ರೋಗ್ರಾಂ ನಾನು ಹೇಳಿಕೊಟ್ಟ ಹಾಗೆಯೇ ಅದನ್ನು ಗಾಳಿಯೆಂದು ತಿಳಿದು ಬಾಯಿ ಮುಚ್ಚಿಕೊಂಡಿತ್ತು. ಇದಕ್ಕಿಂತ ದೊಡ್ಡ ಅವಮಾನ ಪಕ್ಕದಲ್ಲೇ ಕಾದಿತ್ತು. ಸಂಪಿನ ಮುಚ್ಚಳ ತೆಗೆದರೆ ಕಂಠಮಟ್ಟ ನೀರು. ನಮ್ಮ ಪೈಪು ಸದಾ ತೆರೆದೇ ಇರುತ್ತದಲ್ಲ! ನನ್ನನ್ನು ನಂಬಿ ನಲ್ಲಿ ಮುಚ್ಚಿಟ್ಟ ಬೀದಿಯಲ್ಲಿ ನೀರು ತುಂಬಿದ್ದು ನಮ್ಮ ಮನೆಯಲ್ಲಿ ಮಾತ್ರ.

ತಿಪ್ಪಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸಂಪಿನೊಳಗೆ ಬಗ್ಗಿ ನೋಡಿ, “ನೀವು ಇದ್ದೀರಲ್ಲ ಅಂತೇಳಿ ನಾನು ಕಿವಿ ಕೊಡೋದೇ ಬಿಟ್ಟಿದ್ದೆ ಮೇಷ್ಟ್ರೇ” ಎಂದರು, ಅಷ್ಟೆ.

ನಾನು ಕೊಡ ಎತ್ತಿದೆ. ಸುಜಾತ ಸೇದಿಕೊಟ್ಟಳು, ನಾನು ಹೊತ್ತೆ. ನಮ್ಮ ಸಂಪು ತಳ ಕಾಣುವ ಹೊತ್ತಿಗೆ ತಿಪ್ಪಕ್ಕನ ಹಂಡೆಗಳು ತುಂಬಿದ್ದವು. ಮಗುವಿಗೆ ಹೆಸರಿಟ್ಟರು, ಬೀಗರು ಉಂಡರು, ನಾನು ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಬೋರಲು ಮಲಗಿದೆ. ಮಲಗಿದಲ್ಲೇ ಹಠ ಮತ್ತೆ ತಲೆ ಎತ್ತಿತು. ಒಂದೇ ಭಾಗವನ್ನು ನೆಚ್ಚಿದ್ದೇ ತಪ್ಪು, ಎಲ್ಲದಕ್ಕೂ ಬದಲಿ ಇರಬೇಕು!

ಈಗ ಪೈಪಿನಲ್ಲಿ ಎರಡನೆಯ ಸೆನ್ಸರ್ ಇದೆ. ಸಂಪಿನಲ್ಲಿ ನೀರು ಏರಿದರೆ ತೇಲುವ ಫ್ಲೋಟ್ ಇದೆ. ಒಂದು ಬೋರ್ಡು ಕೆಟ್ಟರೆ ಇನ್ನೊಂದು, ಒಂದು ಬ್ಯಾಟರಿ ಸತ್ತರೆ ಇನ್ನೊಂದು, ಒಂದು ಸೈರನ್ನಿನ ಪಕ್ಕ ಅದರ ತಮ್ಮ. ಇವೆಲ್ಲ ಒಂದಕ್ಕೊಂದು ಒಪ್ಪುತ್ತವೆಯೋ ಇಲ್ಲವೋ ಎಂದು ನೋಡಲು, ನೀರು ಬರುವ ದಿನ ನಾನು ರಜೆ ಹಾಕಿ ಸಂಪಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ವ್ಯವಸ್ಥೆ ಆಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ. ಒಂದೆರಡು ಸಲ ಎರಡೂ ಸೈರನ್ನುಗಳು ಸುಮ್ಮನಿದ್ದಾಗ ನಾನೇ ಕೂಗಿದ್ದೇನೆ.

ಮೊನ್ನೆ ಹೊಸದುರ್ಗದಲ್ಲಿ ಸುಜಾತಳ ಅಕ್ಕನ ಮನೆಯ ಗೃಹಪ್ರವೇಶ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟು ದಾಟುತ್ತಿದ್ದೆ. ಎದುರು ಜಗಲಿಯಿಂದ ತಿಪ್ಪಕ್ಕ, “ಇವತ್ತು ನೀರು ಬರೋ ದಿನ ಅಲ್ವೇನ್ರೀ? ನೀವು ಹೋದ್ರೆ ಮಿಷನ್ ನೋಡ್ಕಳಾರು ಯಾರು?” ಎಂದರು. ನಾನು ಹೆಂಡತಿಯ ಮುಖ ನೋಡಿದೆ.

“ಎಲ್ಲದಕ್ಕೂ ಒಂದೊಂದು ಬದಲಿ ಇಟ್ಟೀರಿ. ನಿಮಗೆ ಬದಲಿ ಎಲ್ಲೈತ್ರೀ?” ಎಂದಳು ಸುಜಾತ. ಒಬ್ಬಳೇ ಬಸ್ ಸ್ಟ್ಯಾಂಡಿಗೆ ಆಟೊ ಹತ್ತಿದಳು. ನಾನು ಅದೇ ಇಸ್ತ್ರಿ ಅಂಗಿಯಲ್ಲಿ ಕುರ್ಚಿ ಎಳೆದುಕೊಂಡು ಸಂಪಿನ ಪಕ್ಕ ಕೂತೆ.