ಕಂಪನಿಯನ್ನು ಎಂಟು ದಿನ ಕಟ್ಟಿ ನೋಡಿದ್ದು

ನಮ್ಮ ಮನೆಯಲ್ಲಿ ಹಣದ ವಿಷಯದಲ್ಲಿ ನನ್ನ ಮಾತು ನಡೆದು ಹದಿಮೂರು ವರ್ಷವಾಯಿತು. ಕೊನೆಯ ಸಲ ನಡೆದಾಗ ಮನೆಗೆ ಆರು ಇಮು ಹಕ್ಕಿಗಳು ಬಂದಿದ್ದವು. ಮೊಟ್ಟೆಗೆ ಇಷ್ಟು, ಎಣ್ಣೆಗೆ ಇಷ್ಟು, ಚರ್ಮಕ್ಕೆ ಇಷ್ಟು ಎಂದು ಲೆಕ್ಕ ಒಪ್ಪಿಸಿದ್ದವರು ಹಕ್ಕಿಗಳನ್ನು ನನ್ನ ಹಿತ್ತಲಲ್ಲಿ ಬಿಟ್ಟು ತಾವು ಊರು ಬಿಟ್ಟರು. ಅವುಗಳಲ್ಲೊಂದು ನನ್ನ ಹೆಂಡತಿ ಶಿವಮ್ಮನನ್ನು ಕೂಡ್ಲಿಗಿಯ ಬಸ್ ನಿಲ್ದಾಣದವರೆಗೂ ಅಟ್ಟಿಸಿಕೊಂಡು ಹೋಯಿತು. ಆ ಸಂಜೆಯೇ ಈ ಸಂಸಾರದ ಹಣಕಾಸು ಖಾತೆ ನನ್ನ ಕೈತಪ್ಪಿತು.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ, ಹೆಸರು ಪಾಲಾಕ್ಷ. ಶಿವಮ್ಮ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಹೆಂಗಸರಿಗೆ ಜಾಕೀಟು, ಅಂದರೆ ರವಿಕೆ, ಹೊಲಿಯುತ್ತಾಳೆ. ಹಾಗೆ ಒಂಬತ್ತು ವರ್ಷ ಹೊಲಿದು ಕೂಡಿಸಿದ ಎರಡು ಲಕ್ಷ ರೂಪಾಯಿ ಬ್ಯಾಂಕಿನಲ್ಲಿ ಠೇವಣಿಯಾಗಿತ್ತು. ಅದರ ಅವಧಿ ಈ ಸಲ ಮುಗಿಯಿತು. ಮತ್ತೆ ಅಲ್ಲಿಯೇ ಇಡುವುದೆಂದು ಅವಳು, ಒಂದು ದೊಡ್ಡ ಸೆಮಿಕಂಡಕ್ಟರ್ ಕಂಪನಿಯ ಷೇರಿಗೆ ಹಾಕುವುದೆಂದು ನಾನು. ಕಂಪನಿಯ ವಿಷಯ ಹೇಳಿಕೊಟ್ಟವರು ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಹೊನ್ನೂರಸ್ವಾಮಿ. ಅದರ ಮೇಲೆ ಎರಡು ತಿಂಗಳು ಮೊಬೈಲಿನಲ್ಲಿ ನಾನೂ ತಪಸ್ಸು ಮಾಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಲಾಭದ ಆಸೆ ಅಷ್ಟಿರಲಿಲ್ಲ. ರಿಟೈರ್ ಆಗುವುದರೊಳಗೆ ಒಂದೇ ಒಂದು ಸಲ ಈ ಮನೆ ನನ್ನ ಮಾತು ನಂಬಿ ದುಡ್ಡು ತೆಗೆಯಬೇಕು ಎನ್ನುವುದಷ್ಟೇ ಇತ್ತು.

"ಏನು ಮಾಡ್ತೈತ್ರಿ ಆ ಕಂಪನಿ?" ಎಂದಳು ಶಿವಮ್ಮ, ಕತ್ತರಿ ನಿಲ್ಲಿಸದೆ.

"ಚಿಪ್ ಮಾಡ್ತೈತಿ. ಬೇಕಾದಾಗ ಕರೆಂಟ್ ಬಿಡ್ತೈತಿ, ಬ್ಯಾಡಾದಾಗ ನಿಲ್ಲಿಸ್ತೈತಿ."

"ನಮ್ಮೂರಾಗ ಅದು ಪುಕ್ಕಟೆ ಆಗ್ತೈತಲ್ರಿ."

"ನಲವತ್ತು ವರ್ಷದ ಕಂಪನಿ ಅದು. ಇಮು ಅಲ್ಲ. ಇದಕ್ಕ ಕಾಲಿಲ್ಲ, ಓಡಿ ಹೋಗಲ್ಲ."

"ಇಮುಗೆ ಕಾಲಿದ್ರೂ ಅವು ಇಲ್ಲೇ ಇದ್ವು. ಓಡಿ ಹೋಗಿದ್ದು ದುಡ್ಡು," ಎಂದು ಅವಳು ತೋಳಿನ ಅಳತೆಗೆ ಗುರುತು ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪನ್ನ ಕರಸ್ತೀನಿ. ಅವ ಹೂಂ ಅಂದ್ರ ಹಾಕೋಣು," ಎಂದಳು.

ಅವಳ ಅಪ್ಪ, ಅಂದರೆ ನನ್ನ ಮಾವ ಎರ್ರೆಪ್ಪನವರು, ಹಲವಾಗಲಿನವರು. ಎಪ್ಪತ್ನಾಲ್ಕು ವರ್ಷ. ಹೊಳೆಸಾಲಿನ ಊರುಗಳಲ್ಲಿ ಯಾರು ಎತ್ತು ಕೊಂಡರೂ ಮೊದಲು ಇವರನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಹಲ್ಲು ನೋಡಿ, ಗೊರಸು ನೋಡಿ, ಮೈಮೇಲಿನ ಸುಳಿ ನೋಡಿ, ಒಂದು ಮಾತು ಹೇಳುವರು. ಆ ಮಾತಿನ ಮೇಲೆ ಮೇಲ್ಮನವಿ ಇರುತ್ತಿರಲಿಲ್ಲ. ಷೇರು ಎನ್ನುವ ಶಬ್ದವನ್ನು ಅವರು ಅಕ್ಕಿ ಅಳೆಯುವಾಗ ಮಾತ್ರ ಕೇಳಿದ್ದರು. ಇಂಥವರನ್ನು ಒಪ್ಪಿಸುವುದು ಎಷ್ಟರ ಕೆಲಸ ಎಂದು ನಾನು ಒಪ್ಪಿದೆ.

ಮಾವ ಭಾನುವಾರ ಬಂದರು. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ವಿಚಾರಣೆ ಆರಂಭಿಸಿದರು. ಅವರು ನನ್ನನ್ನು ಎಂದೂ ಏಕವಚನದಲ್ಲಿ ಮಾತಾಡಿಸಿದವರಲ್ಲ. (ಹಾಗಾಗಿ ಅವರು ಬೈದರೂ ಬೈಗುಳವೆಂದು ಗೊತ್ತಾಗಲು ಅರ್ಧ ದಿನ ಬೇಕು.)

"ಎಷ್ಟು ವರ್ಷದ್ದು ಅಂದ್ರಿ ಅಳಿಯಾರ?"

"ನಲವತ್ತು ವರ್ಷದ್ದು ಮಾವಾರ. ಹಳೇ ಕಂಪನಿ, ಹೆಸರುವಾಸಿ."

"ಹಳೇದು ಅಂತ ಹೇಳಿ ಯಾವ ಸಂತ್ಯಾಗೂ ಬೆಲಿ ಏರ್ಸಿದ್ದು ನಾ ನೋಡಿಲ್ಲ. ಇರ್ಲಿ. ವರ್ಷಕ್ಕೆಷ್ಟು ದುಡೀತೈತಿ? ಬೆಲಿ ಎಷ್ಟು ಹೇಳ್ತಾರ?"

ಇದಕ್ಕೆ ನಾನು ತಯಾರಾಗಿದ್ದೆ. ಒಂದು ಷೇರಿಗೆ ಕಂಪನಿ ವರ್ಷಕ್ಕೆ ಒಂದು ರೂಪಾಯಿ ಗಳಿಸಿದರೆ ಸಂತೆಯಲ್ಲಿ ಅದರ ಬೆಲೆ ಅರವತ್ತು ರೂಪಾಯಿ ನಡೆದಿದೆ ಎಂದು ವಿವರಿಸಿದೆ. ಮಾವ ಎಲೆ ಬಾಯಿಗಿಡುವುದನ್ನು ನಿಲ್ಲಿಸಿದರು.

"ಅಂದ್ರ ನಾವು ಹಾಕಿದ್ದು ತಿರುಗಿ ಬರಾಕ ಅದು ಅರವತ್ತು ವರ್ಷ ದುಡೀಬೇಕು. ನನಗೀಗ ಎಪ್ಪತ್ನಾಕು."

"ವರ್ಷ ವರ್ಷ ಗಳಿಕಿ ಏರ್ತೈತ್ರಿ ಮಾವಾರ. ಮುಂದ ಎಲ್ಲದಕ್ಕೂ ಚಿಪ್ ಬೇಕು. ನಿಮ್ಮ ಬೋರಿನ ಸ್ಟಾರ್ಟರಿನಾಗೂ ಅದ ಐತಿ."

"ಅದು ಹೋದ ಮುಂಗಾರ್ಯಾಗ ಸಿಡಿಲಿಗೆ ಸುಟ್ಟೋತು."

"ಹೊಸದು ಹಾಕ್ಸಿದ್ರಲ್ಲ?"

"ಹಾಕ್ಸಿದೆ. ನೀರು ಬೇಕಲ್ಲ."

"ಅದ ನಾ ಹೇಳೋದು. ಸುಟ್ರೂ ಮತ್ತ ಅದನ್ನ ಕೊಳ್ಳಬೇಕು."

ಮಾವ ಬಹಳ ಹೊತ್ತು ಅಗಿದರು. ನನ್ನ ಜೀವನದಲ್ಲಿ ಅವರು ನನ್ನ ಮಾತೊಂದನ್ನು ಅಗಿದದ್ದು ಅದೇ ಮೊದಲು. ಕೊನೆಗೆ, "ಮಾರೋರು ಯಾರು? ಇಷ್ಟು ಚಲೋ ಇದ್ರ ಯಾಕ ಮಾರ್ತಾರ?" ಎಂದರು. ಮಾರುವವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ ಎಂದೆ. ಅವರು ಮಗಳ ಕಡೆ ನೋಡಿದರು, ಮಗಳು ನನ್ನ ಕಡೆ ನೋಡಿದಳು. ನಾನು ಕಟ್ಟೆಯ ಮೇಲಿನ ಇರುವೆಗಳನ್ನು ನೋಡಿದೆ.

"ಹಂಗಾರ ಕಟ್ಟಿ ನೋಡೋಣು," ಎಂದರು ಮಾವ.

ನಮ್ಮ ಕಡೆ ಗುರುತಿಲ್ಲದ ಎತ್ತನ್ನು ಯಾರೂ ಸೀದಾ ಕೊಳ್ಳುವುದಿಲ್ಲ. ಸ್ವಲ್ಪ ಮುಂಗಡ ಕೊಟ್ಟು ಮನೆಗೆ ತಂದು ಎಂಟು ದಿನ ಕಟ್ಟುತ್ತಾರೆ. ಮೇವು ತಿನ್ನುತ್ತದೋ, ಒದೆಯುತ್ತದೋ, ಹಗ್ಗ ಹರಿಯುತ್ತದೋ ನೋಡಿ ಆಮೇಲೆ ಮಾತು ಮುಗಿಸುತ್ತಾರೆ. ಹಾಗೆಯೇ ನಾವೂ ದುಡ್ಡು ಹಾಕದೆಯೇ ಹಾಕಿದೆವು ಎಂದು ತಿಳಿದುಕೊಂಡು, ಸೋಮವಾರದಿಂದ ಸೋಮವಾರದವರೆಗೆ ಕಂಪನಿಯನ್ನು ನನ್ನ ಮೊಬೈಲಿನಲ್ಲಿ ಕಟ್ಟಿ ಹಾಕಬೇಕು. ಅಷ್ಟು ದಿನ ಮಾವ ಇಲ್ಲಿಯೇ ಇದ್ದು ನೋಡುವುದು ಎಂದು ತೀರ್ಮಾನವಾಯಿತು. ಎಂಥ ವೈಜ್ಞಾನಿಕ ವಿಧಾನ ಎಂದು ಹೊನ್ನೂರಸ್ವಾಮಿ ಮೇಷ್ಟ್ರು ಕೂಡ ಮೆಚ್ಚಿದರು.

ಸೋಮವಾರ ಸ್ಕೂಲಿನ ಪ್ರಾರ್ಥನೆಯ ಹೊತ್ತಿಗೆ ಮಾರ್ಕೆಟ್ ತೆರೆಯಿತು. ಮಧ್ಯಾಹ್ನಕ್ಕೆ ನಮಗೆ ಎಂಟು ಸಾವಿರ ಲಾಭ. ನಾನು ಇಡೀ ಸ್ಟಾಫಿಗೆ ಮಿರ್ಚಿ ಮಂಡಕ್ಕಿ ತರಿಸಿದೆ. ಲಾಭ ಕಲ್ಪನೆಯದಾದರೂ ಮಿರ್ಚಿಯವನು ನಿಜವಾದ ದುಡ್ಡೇ ಕೇಳಿದ.

ಮಂಗಳವಾರ ಎಂಟೂ ಹೋಯಿತು. ಬುಧವಾರ ಹಾಕಿದ ಗಂಟಿನಲ್ಲೇ ಹದಿನಾಲ್ಕು ಸಾವಿರ ಕರಗಿತು. ತಟ್ಟೆಯ ಮುಂದೆ ಕೂತೆ, ಅರ್ಧ ರೊಟ್ಟಿ ಇಳಿಯಲಿಲ್ಲ. ಬದನೆಕಾಯಿಗೆ ಉಪ್ಪಿಲ್ಲ ಎಂದು ಶಿವಮ್ಮನ ಮೇಲೆ ಹರಿಹಾಯ್ದೆ.

"ಉಪ್ಪು ಐತ್ರಿ. ಬಾಯಿ ಷೇರಿನ ಕಡೆ ಐತಿ," ಎಂದಳು ಅವಳು. ಮಾವ ಇನ್ನೊಂದು ರೊಟ್ಟಿ ಮುರಿದರು.

ಗುರುವಾರ ನಷ್ಟ ಇಪ್ಪತ್ತು ಸಾವಿರಕ್ಕೆ ಮುಟ್ಟಿತು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಜಾಕೀಟು ಹೊಲಿಸಲು ಬಂದ ಭರಮಮ್ಮ, "ಅಣ್ಣಾರ ಮೈ ಹುಷಾರಿಲ್ಲೇನು?" ಎಂದು ಕೇಳಿದ್ದೇ ನೆಪ, ಎದ್ದು ಹೋಗಿ ಬಚ್ಚಲಿನ ಬಕೀಟನ್ನು ಒದ್ದೆ. ಬಕೀಟು ಒಡೆಯಿತು, ಹೆಬ್ಬೆರಳೂ ಊದಿತು. ಆ ನೋವಿನಲ್ಲೇ, "ಸಾಕು, ಎಲ್ಲಾ ಮಾರಿಬಿಟ್ಟೆ," ಎಂದು ಮನೆಮಂದಿಯ ಮುಂದೆ ಘೋಷಿಸಿದೆ. ಭರಮಮ್ಮ ಬಟ್ಟೆಯ ಗಂಟು ತೆಗೆದುಕೊಂಡು ಇನ್ನೊಬ್ಬ ಟೇಲರ್ ಕಡೆ ನಡೆದಳು.

ಶುಕ್ರವಾರ ಕಂಪನಿ ಎದ್ದು ನಿಂತಿತು. ಒಂದೇ ದಿನದಲ್ಲಿ ಬಿದ್ದದ್ದರ ಬಹುಪಾಲು ವಾಪಸ್ ಬಂದಿತ್ತು. ನಾನೋ ಹಿಂದಿನ ದಿನವೇ ಮಾರಿ ಕೂತಿದ್ದೆ. "ತಿರುಗಿ ಕೊಂಡೀನಿ," ಎಂದು ಸಣ್ಣ ದನಿಯಲ್ಲಿ ಘೋಷಿಸಿದೆ. ಶನಿವಾರ, ಭಾನುವಾರ ಮಾರ್ಕೆಟ್ ಮುಚ್ಚಿರುತ್ತದೆಂದು ಗೊತ್ತಿದ್ದೂ ಹದಿನೈದಿಪ್ಪತ್ತು ಸಲ ಮೊಬೈಲ್ ತೆರೆದೆ. ಸೋಮವಾರ ಸಂಜೆ ನೋಡಿದರೆ ಕಂಪನಿ ಹೊರಟ ಜಾಗಕ್ಕಿಂತ ನೂರಕ್ಕೆ ಮೂರರಷ್ಟು ಮೇಲಿತ್ತು. ಮುಟ್ಟದೆ ಬಿಟ್ಟಿದ್ದರೆ ಆರು ಸಾವಿರ ಲಾಭ. ನಡುವೆ ಮಾರಿ, ಹೆಚ್ಚಿಗೆ ಕೊಟ್ಟು ತಿರುಗಿ ಕೊಂಡ ನನ್ನ ಲೆಕ್ಕದಲ್ಲಿ ಹನ್ನೊಂದು ಸಾವಿರ ನಷ್ಟ.

ಮಾವ ಬಾಯಿ ಮುಕ್ಕಳಿಸಿ ಬಂದು ಕಟ್ಟೆಯ ಮೇಲೆ ಕೂತರು. ಶಿವಮ್ಮ ಮಷಿನ್ ನಿಲ್ಲಿಸಿ ಬಾಗಿಲಿಗೆ ಬಂದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಬಂದ ಹುಡುಗನಂತೆ ಅವರೆದುರು ನಿಂತೆ.

"ಕಂಪನಿದೇನೂ ತಕರಾರಿಲ್ಲ ಮಗಳ," ಎಂದರು. "ಬೆಲಿ ಒಂದೀಟು ಹೆಚ್ಚು. ಆದ್ರ ಬಿದ್ರೂ ಎದ್ದು ನಿಂತೈತಿ. ಅಳಿಯಾರು ಚಲೋ ಆರಿಸ್ಯಾರ."

ನಾನು ಎದೆ ಸೆಟೆಸಿದೆ. ಹದಿಮೂರು ವರ್ಷದ ಕಳಂಕ ಅಳಿಸಿಹೋಯಿತೆಂದೇ ತಿಳಿದೆ.

"ಎತ್ತು ಕಟ್ಟಿದಾಗ ಕಟ್ಟಿಕೊಂಡೋರ್ನೂ ನೋಡಬೇಕು," ಎಂದು ಮಾವ ಮುಂದುವರಿಸಿದರು. "ಈ ಎಂಟು ದಿನದಾಗ ಅಳಿಯಾರು ಮೇವು ಬಿಟ್ರು, ಒದ್ರು, ಹಗ್ಗ ಹರಕೊಂಡು ಓಡಿ ತಾವ ತಿರುಗಿ ಬಂದ್ರು. ಕಂಪನಿ ತಗೋ. ಇವರ ಕೈಗೆ ಮಾತ್ರ ಕೊಡಬ್ಯಾಡ."

ಮರುದಿನ ಹೊನ್ನೂರಸ್ವಾಮಿ ಮೇಷ್ಟ್ರನ್ನು ಕೂರಿಸಿಕೊಂಡು ಶಿವಮ್ಮ ತನ್ನ ಹೆಸರಿನಲ್ಲಿ, ತನ್ನ ಮೊಬೈಲಿನಲ್ಲಿ ಷೇರು ಖಾತೆ ತೆರೆಯಲು ಅರ್ಜಿ ಹಾಕಿದಳು. ವಾರದೊಳಗೆ ಅರ್ಧ ದುಡ್ಡಿಗೆ ಷೇರು ಕೊಂಡು, ಉಳಿದರ್ಧ ಬ್ಯಾಂಕಿಗೆ ಹಾಕಿದಳು. ಕಂಪನಿ ನನ್ನ ಆಯ್ಕೆ, ದಿನದ ಬೆಲೆಯನ್ನಾದರೂ ಹೇಳು ಎಂದು ಕೇಳಿಕೊಂಡೆ. "ನೀವು ಆರಿಸಿದ್ದಂತನ ನಂಬಿ ಹಾಕೀನ್ರಿ," ಎಂದಳು. ಎಷ್ಟು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. "ಬೆಲಿ ಮಾತ್ರ ಹೇಳಲ್ಲ. ಬಕೀಟು ಒಂದ ಉಳದೈತಿ."

ಷೇರು ಕೊಂಡದ್ದಾದ ಮೇಲೆ ಊರಿಗೆ ಹೊರಟ ಮಾವನನ್ನು ಬಸ್ಸಿಗೆ ಹತ್ತಿಸಲು ಹೋದೆ. ಹರಪನಹಳ್ಳಿ ಬಸ್ಸು ತಡವಿತ್ತು. ಇಬ್ಬರೇ ಇದ್ದೆವು. ನನಗೆ ತುಂಬಾ ಬೇಸರವಾಗಿತ್ತು, ಅದನ್ನು ಮುಚ್ಚಿಡದೆ ಕೇಳಿಯೇಬಿಟ್ಟೆ.

"ಮಾವಾರ, ಒಂದು ಎತ್ತಿಗೆ ಇಷ್ಟು ಪರೀಕ್ಷೆ ಮಾಡೋರು ನೀವು. ಮಗಳನ್ನ ಕೊಡೋವಾಗ ನನ್ನಾಗ ಏನರ ಒಂದು ಚಲೋದು ಕಂಡಿರಬೇಕಲ್ರಿ?"

ಮಾವ ನನ್ನನ್ನು ತಲೆಯಿಂದ ಕಾಲಿನವರೆಗೆ, ಇನ್ನೂ ಊದಿದ್ದ ಹೆಬ್ಬೆರಳಿನವರೆಗೂ ನಿಧಾನವಾಗಿ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ನಿಮ್ಮ ಮನಿಗೆ ಬಂದಾವತ್ತು ನಮ್ಮೂರಿಗೆ ಕಡೀ ಬಸ್ಸು ಐದಕ್ಕಿತ್ತು ಅಳಿಯಾರ," ಎಂದರು. "ನೋಡಾಕ ಹೊತ್ತು ಸಿಗಲಿಲ್ಲ."