ಫ್ರಿಜ್ಜಿನಲ್ಲಿ ಸಮುದ್ರದ ಕೆಸರು

ನಮ್ಮ ಭಾವನವರಿಗೆ ಹೆಂಡತಿಗಿಂತ ಕೆಸರು ಮುಖ್ಯ. ಚಾಡಿಯಲ್ಲ, ಗಾಜುವಾಕದ ಅವರ ಮನೆಯ ಫ್ರಿಜ್ಜೇ ಸಾಕ್ಷಿ!

ಪರವಾಡದ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅಕ್ಕನ ಮನೆಗೆ ಬಂದ ದಿನ ಮಜ್ಜಿಗೆಗೆಂದು ಬಾಗಿಲು ತೆಗೆದೆ. ಒಳಗೆ ಉದ್ದುದ್ದ ಪ್ಲಾಸ್ಟಿಕ್ ಕೊಳವೆಗಳು, ಅವುಗಳ ತುಂಬ ಬಂಗಾಳ ಕೊಲ್ಲಿಯ ತಳದ ಕೆಸರು. ಭಾವ ಸಮುದ್ರದ ತಳವನ್ನು ಅಭ್ಯಾಸ ಮಾಡುವ ವಿಜ್ಞಾನಿ. ತಮ್ಮ ಪ್ರಯೋಗಾಲಯದ ತಣ್ಣನೆಯ ಕೋಣೆ ಕೆಟ್ಟಿದೆ, ಎರಡೇ ದಿನ ಎಂದಿದ್ದರಂತೆ. ಎರಡು ತಿಂಗಳಾಗಿತ್ತು.

ಆ ಕೆಸರಿನಲ್ಲಿ ಕಬ್ಬಿಣದ ಕಣಗಳಿವೆಯಂತೆ. ತಳಕ್ಕಿಳಿದ ಕಾಲದಲ್ಲಿ ಉತ್ತರ ಎತ್ತಲಿತ್ತೋ ಅತ್ತ ಮುಖ ಮಾಡಿ ಸಾವಿರಾರು ವರ್ಷ ಹಾಗೇ ಕೂತಿವೆಯಂತೆ. ಹತ್ತಿರ ಒಂದು ಆಯಸ್ಕಾಂತ ಬಂದರೆ ಆ ದಿಕ್ಕಿನ ನೆನಪು ಕೆಟ್ಟಂತೆಯೇ. ಮೊನ್ನೆಯದನ್ನೇ ನೆಟ್ಟಗೆ ನೆನಪಿಡದ ನಾನು ಇದನ್ನು ನಂಬಬೇಕೆ? ಮುಚ್ಚಳದಲ್ಲಿ ಆಯಸ್ಕಾಂತವಿದೆಯೆಂದು ನನ್ನ ಇಯರ್‌ಫೋನ್ ಡಬ್ಬಿ ಚಪ್ಪಲಿ ಗೂಡು ಸೇರಿತು. ಫ್ರಿಜ್ಜಿನ ಬಾಗಿಲ ಅಂಚಿನಲ್ಲೇ ಆಯಸ್ಕಾಂತವಿದೆಯಲ್ಲ ಭಾವ, ಎಂದು ಚುಚ್ಚಿದೆ. ಚುಚ್ಚಬಾರದಿತ್ತು. ಸಂಜೆಯೊಳಗೆ ಅಂಚಿನ ರಬ್ಬರ್ ಪಟ್ಟಿ ಕಿತ್ತು, ಬಾಗಿಲನ್ನು ಅಕ್ಕನ ದುಪಟ್ಟಾದಿಂದ ಕಟ್ಟಿದ್ದರು. ಹಾಲು ಒಡೆಯಿತು. ಕೆಸರಿಗೆ ಮಾತ್ರ ಐಸು!

ಕೊನೆಗೆ ಮೀನೂ ಮಾಯವಾಯಿತು. ಅಮ್ಮ ಸಾಯುವ ಮುಂಚಿನ ವರ್ಷ ಬೀಚಿನಲ್ಲಿ ಅಕ್ಕನಿಗೆ ಕೊಡಿಸಿದ, ಫ್ರಿಜ್ಜಿಗೆ ಅಂಟುವ ಪುಟ್ಟ ಆಯಸ್ಕಾಂತದ ಮೀನು. ಎಲ್ಲಿಟ್ಟಿರಿ ಎಂದರೆ ಕ್ಷೇಮವಾಗಿದೆ ಎಂದರಷ್ಟೆ ಭಾವ. ಮೀನು ಬರುವವರೆಗೆ ನಾನೂ ಬರುವುದಿಲ್ಲ ಎಂದು ಅಕ್ಕ ಬಟ್ಟೆ ತುಂಬಿಕೊಂಡು ಹೊರಟಳು. ಎಲ್ಲಿಗೆ? ವಿಜಯವಾಡಕ್ಕೆ, ಅತ್ತೆಯ ಮನೆಗೆ! ಗಂಡನ ಮೇಲಿನ ಸಿಟ್ಟಿಗೆ ಅತ್ತೆಯ ಹತ್ತಿರ ಹೋದವಳನ್ನು ನೀವು ಕಂಡಿದ್ದೀರಾ? ಆ ಅತ್ತೆಯೋ, ಸೊಸೆ ಇಲ್ಲೇ ಇರಲಿ, ನೀನು ಮಣ್ಣಿನ ಜೊತೆ ಸಂಸಾರ ಮಾಡು ಎಂದು ಮಗನಿಗೆ ತೆಲುಗಿನಲ್ಲಿ ಉಗಿದರು.

ಹದಿನೈದು ದಿನದ ಮೇಲೆ ಭಾವ ನನ್ನನ್ನೂ ಎಳೆದುಕೊಂಡು ರೈಲು ಹತ್ತಿದರು. ಕರೆಂಟ್ ಹೋದರೆ ನೋಡುವವರಿಲ್ಲವೆಂದು, ಎಲ್ಲಕ್ಕಿಂತ ಅಮೂಲ್ಯವಾದ ಒಂದು ಕೊಳವೆಯೂ ಐಸು ಸುತ್ತಿಕೊಂಡು ಜೊತೆಗೆ ಬಂತು. ಬಾಣದ ಗುರುತು ಮೇಲಾಗಿ ಅದನ್ನು ಎದೆಗವಚಿಕೊಂಡರು. ನನ್ನ ಕೈಗೊಂದು ಬಟ್ಟೆಯ ಗಂಟು ಕೊಟ್ಟರು.

"ನೀನು ಆ ಕೊನೇ ಸೀಟಲ್ಲಿ ಕೂತ್ಕೋಮ್ಮಾ. ಈ ಕಡೆ ಬರಬೇಡ."

ಕೊನೇ ಸೀಟೆಂದರೆ ಶೌಚಾಲಯದ ಪಕ್ಕ. ಆರು ಗಂಟೆಯ ಪ್ರಯಾಣ! ವಿಜಯವಾಡ ಬರುವಷ್ಟರಲ್ಲಿ ಅಕ್ಕನ ಪರವಾಗಿ ವಿಚ್ಛೇದನದ ಅರ್ಜಿಯನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ.

ಅತ್ತೆಯ ಮನೆಯಲ್ಲಿ ಅಕ್ಕ ಆ ಗಂಟು ಬಿಚ್ಚಿದಳು. ಹತ್ತಿಯೊಳಗೆ ಮೀನು! ನನ್ನನ್ನು ದೂರ ಕೂರಿಸಿದ್ದು ಇದಕ್ಕೆ. ಅದರ ಬೆನ್ನಿಗೆ, ಕೊಳವೆಗಳಿಗೆ ಅಂಟಿಸುವಂಥದೇ ಚೀಟಿ. ಅಕ್ಕ ಕಲಿಸಿದ ಕನ್ನಡದಲ್ಲಿ, ಓರೆ ಅಕ್ಷರಗಳಲ್ಲಿ: 'ಫ್ರಿಜ್ಜಿನ ಬಾಗಿಲ ಎಡಗಡೆ, ಹಿಡಿಯಿಂದ ನಾಲ್ಕು ಬೆರಳು ಕೆಳಗೆ, ಬಾಯಿ ಮೇಲಕ್ಕೆ.' ಪಕ್ಕದಲ್ಲಿ ಒಂದು ಬಾಣ.

ಅಕ್ಕ ಎರಡು ಸಲ ಓದಿದಳು.

"ಬಾಯಿ ಮೇಲಲ್ಲರೀ, ಕೆಳಗಿತ್ತು."

"ಗುರುತು ಹಾಕಿಯೇ ತೆಗೆದೆನಲ್ಲ," ಎಂದರು ಭಾವ, ಮುಖ ಬಿಳಿಚಿಕೊಂಡು.

ನನ್ನ ನೆನಪಿನಲ್ಲಿ ಮೀನು ಅಡ್ಡಡ್ಡ ಇತ್ತು.

ಅಕ್ಕ ಮೀನನ್ನು ಮತ್ತೆ ಹತ್ತಿಯಲ್ಲಿ ಸುತ್ತಿದಳು. "ನಡೀರಿ, ಬಂದು ತೋರಿಸ್ತೀನಿ."

ಮರಳುವಾಗ ಶೌಚಾಲಯದ ಪಕ್ಕ ಅಕ್ಕನೂ ನಾನೂ, ಮೀನೂ. ಬೋಗಿಯ ಆ ತುದಿಯಿಂದ ಭಾವ ಬರುತ್ತಿದ್ದರು. ಒಂದು ಕಂಕುಳಲ್ಲಿ ಕೆಸರು, ಇನ್ನೊಂದು ಕೈಯಲ್ಲಿ ಎರಡು ಟೀ. ಎಷ್ಟು ಹತ್ತಿರ ಬರಬಹುದೆಂದು ಒಂದೊಂದೇ ಹೆಜ್ಜೆ ಅಳೆಯುತ್ತಿದ್ದರು.